ದಂಪತಿಗಳ ಉಪಮೆ

ಅತಿವಾಹಕತೆಯನ್ನು ಕುರಿತು ನಾನು ಓದುವ ಜನಪ್ರಿಯ ಲೇಖನಗಳಲ್ಲಿ ಎಲೆಕ್ಟ್ರಾನುಗಳು ದಂಪತಿಗಳು. ಸ್ಫಟಿಕದ ಕಂಪನವೇ ನಡುವಿನ ದಳ್ಳಾಳಿ. 1957ರ ಬಿಸಿಎಸ್ ಸಿದ್ಧಾಂತಕ್ಕೆ, ಸೀಸ ಪಾದರಸಗಳಿಗೆ, ಈ ಉಪಮೆ ಸಲ್ಲುತ್ತದೆ. ಆದರೆ 2008ರಲ್ಲಿ ಟೋಕಿಯೋದ ಹೊಸೋನೊ ತಂಡ ಕಬ್ಬಿಣ-ಆರ್ಸೆನಿಕ್ ಸಂಯುಕ್ತವೊಂದರಲ್ಲಿ 26 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿತು. (ಕಾಂತತ್ವ ಅದಕ್ಕೆ ವೈರಿಯೆಂಬುದು ಹಳೆಯ ನಂಬಿಕೆ!) ಅಲ್ಲಿ ಕಂಪನದ ಬಲ ಸಾಲದೆಂದು ಲೆಕ್ಕಾಚಾರಗಳು ಹೇಳಿದವು. ಅದೇ ವರ್ಷ ಮೇಜಿನ್ ಮತ್ತು ಸಂಗಡಿಗರು ಮಂಡಿಸಿದ ವಾದದಂತೆ, ಪರಸ್ಪರ ವಿಕರ್ಷಣೆಯೇ ಕಾಂತೀಯ ಏರಿಳಿತಗಳ ಮೂಲಕ ಜೋಡಿ ಕಟ್ಟುತ್ತದೆ. ಎಲೆಕ್ಟ್ರಾನುಗಳ ಒಂದು ಗುಂಪಿನಲ್ಲಿ ಜೋಡಿಯ ತರಂಗ ಧನವಾದರೆ ಇನ್ನೊಂದರಲ್ಲಿ ಋಣ. ಚಿಹ್ನೆ ಹೀಗೆ ತಿರುಗುವುದರಿಂದಲೇ ದೂಡುವ ಬಲ ಬೆಸೆಯುತ್ತದೆ. ಇಷ್ಟು ರಸವತ್ತಾದ ವಸ್ತುವಿರುವಾಗ ಹಳೆಯ ಮದುವೆಯ ಚಪ್ಪರವೇಕೆ? ಎಲ್ಲ ಕಬ್ಬಿಣ ಸಂಯುಕ್ತಗಳಿಗೂ ಈ ವಿವರಣೆ ಒಪ್ಪುವುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ಲೇಖಕರು ಅದನ್ನೂ ಬರೆಯಲಿ.