ಚುಕ್ಕಿ ಬೆಳಕಿನ ಬಿಳಿ ಬಟ್ಟಲು

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಬಹುತೇಕ ನೋವಿಲ್ಲದೆ ಅಂಚಿನ ನೋಟವನ್ನು ಕಸಿಯುತ್ತದೆ. ಆ ನಷ್ಟವನ್ನು ನಕ್ಷೆಯಾಗಿ ಬಿಡಿಸುವ ಯಂತ್ರ ಪೆರಿಮೀಟರ್.

1945ರಲ್ಲಿ ಬರ್ನ್‌ನ ಹ್ಯಾನ್ಸ್ ಗೋಲ್ಡ್‌ಮನ್ ರೂಪಿಸಿದ ಬಟ್ಟಲಿನ ಮಾದರಿ ಇಂದಿಗೂ ಉಳಿದಿದೆ. ಹಂಫ್ರಿ ಎಂಬ ಪೆರಿಮೀಟರ್‌ನ 24-2 ಪರೀಕ್ಷೆ ಬಟ್ಟಲೊಳಗೆ 54 ಬಿಂದುಗಳಲ್ಲಿ ಬೆಳಕು ಮಿನುಗಿಸಿ, ಎಷ್ಟು ಮಸುಕಾದದ್ದು ಕಾಣುತ್ತದೆಂದು ರೋಗಿ ಒತ್ತುವ ಗುಂಡಿಯಿಂದ ಅಳೆಯುತ್ತದೆ. ಅದರ ನಿಜವಾದ ಸೊಗಸು ತನ್ನ ಫಲಿತಾಂಶವನ್ನೇ ಅನುಮಾನಿಸುವುದರಲ್ಲಿದೆ: ಕಣ್ಣಿನ ಸಹಜ ಕುರುಡು ಬಿಂದುವಿಗೆ ಬೆಳಕು ಬಿಟ್ಟು ನೋಟ ಕದಲಿತೇ ಎಂದು ನೋಡುತ್ತದೆ, ಬೆಳಕು ಕಂಡಿರಲು ಸಾಧ್ಯವೇ ಇಲ್ಲದ ಹೊತ್ತಲ್ಲಿ ಒತ್ತಿದ ಗುಂಡಿಯನ್ನೂ ಲೆಕ್ಕಕ್ಕಿಡುತ್ತದೆ.

ತಪಾಸಣೆಗೆ ಇದೊಂದೇ ಸಾಲದು. ಎಷ್ಟೋ ನರತಂತುಗಳು ಸತ್ತ ಮೇಲಷ್ಟೇ ನಕ್ಷೆಯಲ್ಲಿ ಕಲೆ ಮೂಡುವುದುಂಟು. ಕಣ್ಣಿನ ಒತ್ತಡ, ದೃಷ್ಟಿನರ ಎರಡನ್ನೂ ನೋಡಲೇಬೇಕು.

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಈ ಪರೀಕ್ಷೆಗಾಗಿ ಬರುವ ಕನ್ನಡದ ಅಜ್ಜಿಗೆ “ನಡುವಿನ ದೀಪಾನ ನೋಡ್ರಿ, ಆಜೂಬಾಜೂ ಬೆಳಕ ಕಂಡ್ರ ಗುಂಡಿ ಒತ್ರಿ” ಎಂದು ಅವರ ಮಾತಲ್ಲೇ ಹೇಳಿಕೊಡುವುದೂ ಪರೀಕ್ಷೆಯ ಭಾಗವೇ. ಮೊದಲ ಸಲ ಅನೇಕರು ತಡವರಿಸುತ್ತಾರೆ. ಮತ್ತೊಮ್ಮೆ ಮಾಡಿಸಿ, ಎರಡೂ ಫಲಿತಾಂಶಗಳನ್ನು ಹೋಲಿಸಬೇಕು.