ಬಂಧನಕ್ಕೂ ಮುಂಚಿನ ಕೋಣೆ

ರಾಧಿಕಾ ಅಗರ್‌ವಾಲ್ ಪ್ರಕರಣದಲ್ಲಿ 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ನಿಲ್ಲುವ ಜಾಗದಲ್ಲಿ ನಮಗೆ ತಕರಾರಿದೆ.

ತೀರ್ಪು ಕೊಟ್ಟದ್ದು ಸಣ್ಣದಲ್ಲ. ಕಸ್ಟಮ್ಸ್ ಕಾಯ್ದೆಯ 104ನೇ ಕಲಮಿನಡಿ ಬಂಧಿಸಲು ಬರೀ ಅನುಮಾನ ಸಾಲದು, ‘ನಂಬಲು ಕಾರಣ’ ಬೇಕು, ಅದಕ್ಕೆ ಆಧಾರ ಕಡತದಲ್ಲಿರಬೇಕು. 50 ಲಕ್ಷ ರೂಪಾಯಿಗಿಂತ ಹೆಚ್ಚಿನ ಸುಂಕ ವಂಚನೆಯೆಂದು ಬಂಧಿಸಿದರೆ ಆ ಲೆಕ್ಕ ಎಲ್ಲಿಂದ ಬಂತೆಂದು ಅಧಿಕಾರಿ ತೋರಿಸಬೇಕು. ಬಂಧಿತನಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 2011ರಲ್ಲಿ ಇದೇ ನ್ಯಾಯಾಲಯ, ವಾರಂಟಿಲ್ಲದೆ ಬಂಧಿಸುವಂತಿಲ್ಲ ಎಂದಿತ್ತು. ಸಂಸತ್ತು 2012 ಮತ್ತು 2013ರ ತಿದ್ದುಪಡಿಗಳಲ್ಲಿ ಅದನ್ನು ಬಹುಪಾಲು ಅಳಿಸಿಹಾಕಿತು. ಆ ತಿದ್ದುಪಡಿಗಳನ್ನು ಹೊಸ ತೀರ್ಪು ಎತ್ತಿಹಿಡಿದಿದೆ.

ನಮ್ಮ ತಕರಾರು 108ನೇ ಕಲಮಿನದು. ಅದರಡಿ ಸಮನ್ಸ್ ಬಂದವನು ಹೋಗಲೇಬೇಕು, ನಿಜ ಹೇಳಲೇಬೇಕು, ಸುಳ್ಳಾಡಿದರೆ ಅದೇ ಅಪರಾಧ. ಅವನಿನ್ನೂ ‘ಆರೋಪಿ’ಯಲ್ಲ, ಆದ್ದರಿಂದ ಆರೋಪಿಯ ಹಕ್ಕುಗಳೂ ಅವನಿಗಿಲ್ಲ. ವಿಚಾರಣೆಯ ವೇಳೆ ಪಕ್ಕದಲ್ಲಿ ವಕೀಲನಿರಬೇಕೆಂದು ಹಕ್ಕಿನಿಂದ ಕೇಳುವಂತಿಲ್ಲವೆಂದು 1992ರಲ್ಲೇ ತೀರ್ಮಾನವಾಗಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಕಸ್ಟಮ್ಸ್ ಅಧಿಕಾರಿಯ ಮುಂದಿನದು ಆಗುತ್ತದೆ, ಏಕೆಂದರೆ 1968ರಿಂದಲೂ ಅವರು ‘ಪೊಲೀಸರಲ್ಲ’. ಬಲವಂತದ ಹೇಳಿಕೆಯನ್ನು ನ್ಯಾಯಾಲಯ ತಳ್ಳಿಹಾಕಬಹುದು, ಸರಿ. ಮುಚ್ಚಿದ ಬಾಗಿಲ ಹಿಂದೆ ನಡೆದ ಬಲವಂತಕ್ಕೆ ಸಾಕ್ಷಿ ಯಾರು? ಮಾದಕವಸ್ತು ಪ್ರಕರಣಗಳಲ್ಲಿ 2020ರಲ್ಲಿ ಈ ಬಾಗಿಲನ್ನು ಮುಚ್ಚಲಾಯಿತು. ಚಿನ್ನದ ಪ್ರಕರಣದಲ್ಲಿ ಅದಿನ್ನೂ ತೆರೆದೇ ಇದೆ.

ಉರ್ದುವಿನಲ್ಲಿ ಇಂಥ ಹೇಳಿಕೆಗೆ ‘ಬಯಾನ್’ ಎನ್ನುತ್ತಾರೆ. ಮನುಷ್ಯ ತನ್ನ ಮಾತನ್ನು ತಾನೇ ಬಿಡಿಸಿ ಹೇಳುವುದು ಎಂಬ ಧ್ವನಿ ಆ ಪದಕ್ಕಿದೆ. ಕಥೆ ಬರೆಯುವ ನಮಗೆ, ಒಬ್ಬನ ಮಾತನ್ನು ಇನ್ನೊಬ್ಬ ತನ್ನ ಭಾಷೆಯಲ್ಲಿ ಬರೆದರೆ ಏನೇನು ಬದಲಾಗುತ್ತದೆಂದು ಗೊತ್ತು.

ಕೊಲ್ಲಿಯಿಂದ ಮಂಗಳೂರಿಗೆ ಬಂದಿಳಿಯುವ ನಮ್ಮ ಹುಡುಗರಿಗೆ ಇದು ಪುಸ್ತಕದ ಮಾತಲ್ಲ. ಅವರಲ್ಲಿ ತಪ್ಪು ಮಾಡಿದವರೂ ಇರುತ್ತಾರೆ. ಅಂಥವರನ್ನು ಕಾನೂನಿನಂತೆ ಶಿಕ್ಷಿಸಲಿ. ಆದರೆ ಕಂದಾಯ ಗುಪ್ತಚರ ನಿರ್ದೇಶನಾಲಯವೂ ಸೇರಿದಂತೆ ಬಂಧನಾಧಿಕಾರವುಳ್ಳ ಸಂಸ್ಥೆಗಳ ವಿಚಾರಣಾ ಕೊಠಡಿಗಳಲ್ಲಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟೇ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಸಮನ್ಸ್ ಪಡೆದವನು ಕುರ್ಚಿಯಲ್ಲಿ ಕುಳಿತ ಕ್ಷಣದಿಂದಲೇ ಆ ಕ್ಯಾಮೆರಾ ಓಡಬೇಕು, ಆ ದೃಶ್ಯದ ಪ್ರತಿ ಅವನ ವಕೀಲರಿಗೆ ಸಿಗಬೇಕು.