ಅಲ್ಪಸ್ರಾವದ ಸಾಕ್ಷ್ಯ

ಬಸಿರಿನ ಪ್ರಥಮ ಸೂಚನೆಯನ್ನು ಮುಟ್ಟು ನಿಲ್ಲುವುದರಲ್ಲಿಯೇ ಕಾಣುವ ರೂಢಿಯು ಬಹು ಪುರಾತನವಾದುದು. ಸುಶ್ರುತಸಂಹಿತೆಯ ಶಾರೀರಸ್ಥಾನವು ಆಗತಾನೆ ಗರ್ಭ ಧರಿಸಿದವಳ ಲಕ್ಷಣಗಳನ್ನೆಣಿಸುವಾಗ ಆಯಾಸ, ಬಾಯಾರಿಕೆ, ತೊಡೆಗಳ ಸೋಲು ಇವುಗಳೊಡನೆ ಶುಕ್ರಶೋಣಿತಗಳು ಹೊರಹರಿಯದೆ ನಿಲ್ಲುವುದನ್ನೂ ಹೇಳುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ದುಡಿಯುವ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಲೆಕ್ಕವೂ ಇದೇ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ಮೊದಲ ದಿನವನ್ನು ಬರೆದು, ಅಲ್ಲಿಂದ 280 ದಿನಗಳನ್ನೆಣಿಸಿ ಹೆರಿಗೆಯ ದಿನವನ್ನು ಗೊತ್ತುಮಾಡುವ ಕ್ರಮವು ಆ ರೂಢಿಯ ಲಿಖಿತರೂಪವಲ್ಲದೆ ಬೇರೆಯಲ್ಲ.

ಉಪಕರಣವನ್ನಾಗಲಿ ಹಣವನ್ನಾಗಲಿ ಬೇಡದಿರುವುದು ಈ ಗಣನೆಯ ಗುಣ. ರಕ್ತ ಕಂಡಲ್ಲಿ ಗರ್ಭವಿಲ್ಲವೆಂದು ಭಾವಿಸುವುದು ಅದರ ದೋಷ. ಅಂಡೋತ್ಸರ್ಗದ ತರುವಾಯ ಆರರಿಂದ ಹನ್ನೆರಡು ದಿನಗಳೊಳಗೆ ಭ್ರೂಣವು ಗರ್ಭಾಶಯದ ಭಿತ್ತಿಯಲ್ಲಿ ನೆಲೆಯೂರುತ್ತದೆ. ಅದರ ಆಸುಪಾಸಿನಲ್ಲಿ, ಮುಟ್ಟು ಬರಬೇಕಾದ ಹೊತ್ತಿಗೇ, ಕೆಲವರಿಗೆ ನಸುಗೆಂಪು ಅಥವಾ ಕಂದುಬಣ್ಣದ ಕಲೆ ಒಂದೆರಡು ದಿನ ಕಾಣಿಸಿ, ಗಡ್ಡೆಗಳಿಲ್ಲದೆ, ಬಟ್ಟೆ ತೋಯುವಷ್ಟು ಹೆಚ್ಚದೆ ಅಡಗುವುದುಂಟು. ಇದನ್ನೇ ಮುಟ್ಟೆಂದು ಬರೆಯಿಸಿದರೆ ಗರ್ಭದ ವಯಸ್ಸು ಸುಮಾರು ನಾಲ್ಕು ವಾರಗಳಷ್ಟು ಕಡಿಮೆಯಾಗಿ ತೋರಿ, ಸ್ಕ್ಯಾನಿಂಗಿನ ಕಾಲ ತಪ್ಪುವುದಲ್ಲದೆ, ದಿನ ತುಂಬಿದ ಕೂಸನ್ನು ದಿನ ತುಂಬದ್ದೆಂದು ಬಗೆಯುವ ಪ್ರಮಾದಕ್ಕೂ ಎಡೆಯಾಗುತ್ತದೆ.

ಆದರೆ ಕಲೆ ಕಂಡೊಡನೆಯೇ ಗರ್ಭವು ನೆಲೆಸಿತೆಂದು ಹರ್ಷಪಡುವ ಈಚಿನ ವಾಡಿಕೆಯು ಇದಕ್ಕಿಂತ ಮೇಲಾದುದೆಂದು ಹೇಳಲಾಗದು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 151 ಗರ್ಭಿಣಿಯರ ಪೈಕಿ ಮೊದಲ ಎಂಟು ವಾರಗಳಲ್ಲಿ ಸ್ರಾವ ಕಂಡವರು 14 ಮಂದಿ ಮಾತ್ರ. ಅದೂ ಭ್ರೂಣವು ನೆಲೆಯೂರಿದ ದಿನದಲ್ಲಿ ಕಂಡುದು ವಿರಳ. ಕಲೆ ಕಾಣದವರು ಬಸಿರಾಗಿರಬಹುದು, ಕಂಡವರು ಆಗದೆಯೂ ಇರಬಹುದು. ಸಂಶಯವನ್ನು ಹುಟ್ಟಿಸಲು ಸಾಕಾದ ಈ ಗುರುತು ನಿರ್ಣಯಕ್ಕೆ ಸಾಲದು. ಮೇಲಾಗಿ, ಗರ್ಭವು ನಳಿಕೆಯಲ್ಲಿಯೇ ಉಳಿದಾಗಲೂ ಮೊದಲು ಕಾಣುವುದು ಇಂಥ ಅಲ್ಪಸ್ರಾವವೇ ಆಗಬಹುದಾದ್ದರಿಂದ, ಅದರೊಡನೆ ಕಿಬ್ಬೊಟ್ಟೆಯ ಒಂದು ಮಗ್ಗುಲಲ್ಲಿ ನೋವು, ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ತೋರಿದರೆ, ಶುಭಸೂಚನೆಯೆಂದು ಮನೆಯಲ್ಲಿ ಕಾಯುವುದು ಪ್ರಾಣಾಂತಿಕ. ಆ ಕ್ಷಣವೇ ಆಸ್ಪತ್ರೆಗೆ ಹೊರಡತಕ್ಕದ್ದು.

ಹೀಗಿರಲಾಗಿ ಹಳೆಯ ಗಣನೆಯನ್ನು ತ್ಯಜಿಸಬೇಕಾಗಿಲ್ಲ, ತಿದ್ದಿಕೊಂಡರೆ ಸಾಕು. ಕಲೆ ಕಂಡ ದಿನವನ್ನು ಗುರುತುಹಾಕಿಕೊಂಡು, ಯಾವಾಗಿನಂತೆ ಮುಟ್ಟು ಬಾರದಿದ್ದರೆ ಮೂತ್ರಪರೀಕ್ಷೆ ಮಾಡಿಕೊಳ್ಳಬೇಕು. ಅವಸರದ ಪರೀಕ್ಷೆಯು ಇಲ್ಲವೆಂದು ಹೇಳಿದರೂ ಒಂದು ವಾರದ ಬಳಿಕ ಮತ್ತೊಮ್ಮೆ ನೋಡುವುದು ಯುಕ್ತ. ಇದಕ್ಕೆಂದೇ ಸರಕಾರವು ‘ನಿಶ್ಚಯ’ ಕಿಟ್ಟನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದೆ. ತಾರೀಖಿನ ವಿಷಯದಲ್ಲಿ ಸಂದೇಹವಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಅದನ್ನು ಪರಿಹರಿಸಬಲ್ಲದು. ತಾಯಿ ಕಾರ್ಡನ್ನು ತುಂಬುವವರು ದಿನಾಂಕವೊಂದನ್ನೇ ಕೇಳಿ ಲೇಖನಿಯನ್ನೆತ್ತದೆ, “ತಂಗೀ, ಹೋದ ತಿಂಗಳದ್ದು ಯಾವಾಗಿನಂಗ ಆತೇನು?” ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಲೆಂಬುದೇ ನಮ್ಮ ವಿಜ್ಞಾಪನೆ.